9 ವರ್ಷ ನಿಂತಿದ್ದ ಸ್ಪೋರ್ಟ್ಸ್ ಕಾರು ರಸ್ತೆಗೆ ಇಳಿಯಬೇಕಾ? ಕೀಲಿ ಮುಟ್ಟಬೇಡಿ

ನಿಂತುಹೋಗಿದ್ದ ಕಾರು ಮನೆಗೆ ಬಂದ ದಿನ ಎಲ್ಲರ ಕೈಯೂ ಮೊದಲು ಹೋಗುವುದು ಕೀಲಿಗೆ. ಹೊಸ ಬ್ಯಾಟರಿ ಹಾಕಿ, ಒಂದೇ ಒಂದು ಸಲ ತಿರುಗಿಸಿ, ಸ್ಟಾರ್ಟ್ ಆಗುತ್ತಾ ನೋಡೋಣ ಅಂತ. ನನ್ನ ಕೈಯೂ ಹೋಗಿತ್ತು. ಅದಕ್ಕೇ ಕೀಲಿಯನ್ನು ಹೆಂಡತಿಗೆ ಕೊಟ್ಟು, ನಾನು ಎಷ್ಟು ಗೋಗರೆದರೂ ಬ್ರೇಕ್ ಕೆಲಸ ಮುಗಿಯುವ ತನಕ ಕೊಡಬೇಡ ಅಂದೆ. ಅವಳು ಅದನ್ನು ಸಾರಿನ ಪುಡಿ ಡಬ್ಬದ ಹಿಂದೆ ಇಟ್ಟಿದ್ದಳು ಅನ್ನುವುದು ಎರಡು ತಿಂಗಳಾದ ಮೇಲೆ ಗೊತ್ತಾಯಿತು.

ಕಾರು ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು, 1.6 ಲೀಟರ್ ಎಂಜಿನ್. ನಾನಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಹತ್ತಿರ. ಈ ಕಾರು ಒಂದು ತೋಟದ ಶೆಡ್ಡಿನಲ್ಲಿ 9 ವರ್ಷ ನಿಂತಿತ್ತು. 850 ಪೌಂಡ್ ಕೊಟ್ಟೆ. ಆಮೇಲೆ ತುಕ್ಕಿಗೆ ಕೊಟ್ಟದ್ದು ಅದಕ್ಕಿಂತ ಜಾಸ್ತಿ, ಆ ಕಥೆ ಮುಂದೆ ಬರುತ್ತದೆ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಮೋಟಾರ್ ಶೋನಲ್ಲಿ ಈ ಮಾದರಿಯನ್ನು ಮೊದಲು ತೋರಿಸಿದರು. ಎರಡೇ ಸೀಟು, ಮಡಚುವ ಹುಡ್ (ಬಟ್ಟೆಯ ಛಾವಣಿ), ಕಪ್ಪೆಯ ಕಣ್ಣಿನ ಹಾಗೆ ಎದ್ದು ನಿಲ್ಲುವ ಹೆಡ್‌ಲೈಟು, ಒಂದು ಟನ್ನಿಗೂ ಕಮ್ಮಿ ತೂಕ. 1997ರ ತನಕ 4 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಅಷ್ಟು ಇರುವುದರಿಂದಲೇ ಬಿಡಿಭಾಗ ಇವತ್ತಿಗೂ ಸಲೀಸಾಗಿ ಸಿಗುತ್ತವೆ. ಮೊದಲ ಸಲ ಇಂಥ ಕೆಲಸಕ್ಕೆ ಕೈ ಹಾಕುವವರು ಹೆಸರು ದೊಡ್ಡದು, ಪಾರ್ಟು ಸಿಗದ್ದು ಅನ್ನುವಂಥ ಕಾರು ತರಬೇಡಿ. ಇಂಥದ್ದು ತನ್ನಿ.

ನಮ್ಮಪ್ಪ ಮೈಸೂರಿನಲ್ಲಿ ಯೆಜ್ಡಿ ಓಡಿಸುತ್ತಿದ್ದವರು. ಮಳೆಗಾಲ ಪೂರ್ತಿ ನಿಂತ ಗಾಡಿಯನ್ನು ಅವರು ಯಾವತ್ತೂ ಸುಮ್ನೆ ಒದ್ದು ಸ್ಟಾರ್ಟ್ ಮಾಡಿದವರಲ್ಲ. ವಿಡಿಯೋ ಕಾಲ್‌ನಲ್ಲಿ ಕಾರು ತೋರಿಸಿದಾಗ ಕೇಳಿದ್ದು ಒಂದೇ ಮಾತು: "ಲೋ, ಪ್ಲಗ್ ಬಿಚ್ಚಿ ನೋಡಿದ್ಯೇನೋ?"

ದುಡ್ಡು ಕೊಡುವ ಮುಂಚೆ

ಬ್ರಿಟನ್ನಿನಲ್ಲಿ ಒಂದು ಅನುಕೂಲ ಇದೆ. ನಂಬರ್ ಪ್ಲೇಟ್ ಗೊತ್ತಿದ್ದರೆ ಆ ಕಾರಿನ ಹಳೆಯ ಎಂಒಟಿ ಪರೀಕ್ಷೆಗಳ (ಕಾರು ರಸ್ತೆಗೆ ಯೋಗ್ಯವಾ ಅಂತ ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ) ಚರಿತ್ರೆಯನ್ನು ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಎಷ್ಟು ಮೈಲಿ ಓಡಿತ್ತು, ಯಾವುದಕ್ಕೆ ಫೇಲ್ ಆಯಿತು, ಯಾವುದರ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು, ಎಲ್ಲಾ ಇರುತ್ತದೆ. ಕೊನೆಯ ಪರೀಕ್ಷೆಯಲ್ಲಿ "ಸಿಲ್ ತುಕ್ಕು" (ಸಿಲ್ ಅಂದರೆ ಬಾಗಿಲ ಕೆಳಗಿನ ಉದ್ದ ಪಟ್ಟಿ) ಅಂತ ಇದ್ದರೆ, 9 ವರ್ಷದಲ್ಲಿ ಅದು ತಾನಾಗಿ ವಾಸಿ ಆಗಿರಲ್ಲ, ಅಲ್ವಾ? ಲಾಗ್‌ಬುಕ್ಕಿನಲ್ಲಿರುವ (ಕಾರಿನ ನೋಂದಣಿ ಪತ್ರ) ಚಾಸಿ ನಂಬರಿಗೂ ಕಾರಿನ ಮೇಲಿರುವುದಕ್ಕೂ ತಾಳೆ ನೋಡಿ. ರಸ್ತೆಗೆ ಇಳಿಸುವ ತನಕ ಕಾರು ನಿಂತಿದೆ ಅಂತ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಗೆ ತಿಳಿಸಬೇಕು, ಅದಕ್ಕೆ ಸಾರ್ನ್ ಅನ್ನುತ್ತಾರೆ. ಹಿಂದಿನ ಮಾಲೀಕ ಮಾಡಿದ್ದು ನಿಮಗೆ ಬರಲ್ಲ, ನೀವೇ ಹೊಸದಾಗಿ ಮಾಡಬೇಕು.

ಲಂಡನ್ನಿನ ಒಳಗೆ ಇರುವವರು ಇನ್ನೊಂದು ಲೆಕ್ಕ ಹಾಕಿ. ಈ ವಯಸ್ಸಿನ ಪೆಟ್ರೋಲ್ ಕಾರು ಯುಲೆಜ್ (ಲಂಡನ್ನಿನ ಕಡಿಮೆ ಹೊಗೆ ವಲಯ) ಮಟ್ಟಕ್ಕೆ ಬರುವುದಿಲ್ಲ. ಓಡಿಸಿದ ದಿನಕ್ಕೆ 12.50 ಪೌಂಡ್. 40 ವರ್ಷ ತುಂಬಿ ಐತಿಹಾಸಿಕ ವಾಹನ ಅನ್ನಿಸಿಕೊಳ್ಳುವ ತನಕ ಇದೇ ಪಾಡು.

ತುಕ್ಕು ಮೊದಲು, ಎಂಜಿನ್ ಆಮೇಲೆ

ಈ ಕಾರಿನ ಎಂಜಿನ್ ಗಟ್ಟಿ. ಕೊಲ್ಲುವುದು ತುಕ್ಕು. ಅದೂ ಹೆಚ್ಚಾಗಿ ಒಂದೇ ಜಾಗದಲ್ಲಿ ಶುರುವಾಗುತ್ತದೆ, ಹಿಂದಿನ ಚಕ್ರದ ಮುಂಭಾಗ, ಬಾಗಿಲ ಕೆಳಗಿನ ಸಿಲ್ ಮುಗಿಯುವ ಕಡೆ. ಕಾರಣ ಸರಳ. ಹುಡ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಪಕ್ಕದಲ್ಲಿರುವ ತೂತಿನಿಂದ ಕೊಳವೆಯೊಳಗೆ ಇಳಿದು ಕೆಳಗೆ ಹೋಗಬೇಕು. ಆ ತೂತಿಗೆ ಎಲೆ, ಮಣ್ಣು ಸೇರಿ ಕಟ್ಟಿಕೊಂಡರೆ ನೀರು ಬೇರೆ ದಾರಿ ಹುಡುಕುತ್ತದೆ. ಸಿಲ್ ಒಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಪೇಂಟ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗಿನಿಂದ ಕಬ್ಬಿಣ ಹಪ್ಪಳ ಆಗಿರುತ್ತದೆ.

ಹಪ್ಪಳ ಅನ್ನುವುದು ಉತ್ಪ್ರೇಕ್ಷೆ ಅಲ್ಲ. ನಾನು ಒಂದು ಹಳೆ ಸ್ಕ್ರೂಡ್ರೈವರಿನ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋದೆ. ಬಾಗಿಲ ಕೆಳಗೆ ಟಣ್ ಟಣ್ ಅಂತಿತ್ತು. ಚಕ್ರದ ಹತ್ತಿರ ಬಂದಾಗ ಡಬ್ ಅಂತು. ತಿರುಗಿಸಿ ತುದಿಯಿಂದ ಮೆಲ್ಲಗೆ ಒತ್ತಿದೆ. ಬಣ್ಣದ ಪದರ ಒಂದು ಕ್ಷಣ ತಡೆದು, ಆಮೇಲೆ ಸ್ಕ್ರೂಡ್ರೈವರ್ ಎರಡಿಂಚು ಒಳಗೆ ಹೋಯಿತು. ಹೊರಗೆ ಎಳೆದಾಗ ಒದ್ದೆ ತುಕ್ಕಿನ ಚೂರು ಅಂಗೈಗೆ ಬಿತ್ತು, ನೆನೆಸಿದ ಕಾಫಿ ಪುಡಿ ತರಹ. ಜೊತೆಗೆ ಒಂದಿಷ್ಟು ಪ್ಲಾಸ್ಟಿಕ್ ಪುಟ್ಟಿ. ಹಿಂದೆ ಯಾರೋ ಒಬ್ಬ ಗ್ಯಾರೇಜಿನವನು ವೆಲ್ಡ್ ಮಾಡುವ ಬದಲು ಪುಟ್ಟಿ ತುಂಬಿ ಬಣ್ಣ ಬಳಿದಿದ್ದ.

ಆದ್ದರಿಂದ ಮೊದಲು ತಟ್ಟಿ ನೋಡಿ. ಕಾರು ಎತ್ತುವಾಗ ಜಾಕನ್ನು ಸಿಲ್ ಕೆಳಗೆ ಕೊಡಬೇಡಿ, ಕೊಳೆತಿದ್ದರೆ ಅದು ಕುಸಿದುಬಿಡುತ್ತದೆ. ಮುಂದೆ ಎಂಜಿನ್ ಕೆಳಗಿನ ಅಡ್ಡ ಚೌಕಟ್ಟಿನ ಮಧ್ಯ, ಹಿಂದೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಡಬ್ಬ) ಕೆಳಗೆ ಜಾಕ್ ಕೊಟ್ಟು ಎತ್ತಿ, ಆಮೇಲೆ ಗಟ್ಟಿ ಜಾಗದಲ್ಲಿ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತೂರಬೇಡಿ. ಇದರಲ್ಲಿ ಜೋಕಿಲ್ಲ.

ಸಿಲ್ ವೆಲ್ಡಿಂಗನ್ನು ನಾನು ಹೊರಗೆ ಕೊಟ್ಟೆ. ನನಗೆ ವೆಲ್ಡಿಂಗ್ ಬರಲ್ಲ, ಕಲಿಯುವುದಕ್ಕೆ ಇದು ಜಾಗ ಅಲ್ಲ. ಎಂಒಟಿಯವರು ಸಿಲ್ ಮೇಲೆ ಹಾಕಿದ ತೇಪೆ ಸುತ್ತಲೂ ಬಿಡದೆ ವೆಲ್ಡ್ ಆಗಿರಬೇಕು ಅನ್ನುತ್ತಾರೆ. ಅಲ್ಲಲ್ಲಿ ಚುಕ್ಕೆ ಇಟ್ಟ ಹಾಗೆ ಮಾಡಿದರೆ ಒಪ್ಪಲ್ಲ, ಪುಟ್ಟಿ, ಫೈಬರ್ ಅಂತೂ ಇಲ್ಲವೇ ಇಲ್ಲ. ಕೆಲಸ ಕೊಡುವಾಗ ಒಳಗಿನ ಪದರವನ್ನೂ ಸರಿಮಾಡುತ್ತೀರಾ, ಇಲ್ಲಾ ಮೇಲೊಂದು ತಗಡು ಹೊದಿಸುತ್ತೀರಾ ಅಂತ ನೇರವಾಗಿ ಕೇಳಿ. ಬೆಲೆಯಲ್ಲಿ ವ್ಯತ್ಯಾಸ ಬರುವುದು ಅಲ್ಲೇ. ಮುಗಿದ ಮೇಲೆ ಸಿಲ್ ಒಳಗೆ ಮೇಣದಂಥ ತುಕ್ಕುನಿರೋಧಕವನ್ನು ಉದ್ದ ನಳಿಕೆಯಿಂದ ಸಿಂಪಡಿಸಿ, ಕೆಳಗೆ ತೊಟ್ಟಿಕ್ಕುವ ತನಕ.

ನೀರಿನ ತೂತನ್ನು ಬಿಡಿಸುವುದಕ್ಕೆ ಗಟ್ಟಿ ತಂತಿ ಹಾಕಬೇಡಿ. ಒಳಗಿನ ಕೊಳವೆ ತೂತಾದರೆ ಮತ್ತೆ ನೀರು ಸಿಲ್‌ಗೇ ಹೋಗುತ್ತದೆ. ಹುಲ್ಲು ಕತ್ತರಿಸುವ ಮೆಷಿನ್ನಿನ ದಪ್ಪ ನೈಲಾನ್ ದಾರ ಸಾಕು. ಮೆಲ್ಲಗೆ ಆಡಿಸಿ, ನೀರು ಹಾಕಿ, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳುತ್ತಾ ನೋಡಿ.

ನಿಲ್ಲಲು ಬರಬೇಕು

ಎಂಜಿನ್ ಕೆಟ್ಟರೆ ಕಾರು ನಿಂತುಹೋಗುತ್ತದೆ. ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ. ಯಾವುದು ಮೊದಲು ಅಂತ ನೀವೇ ಹೇಳಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. 9 ವರ್ಷದ ಆಯಿಲ್ ಕಷಾಯದ ಬಣ್ಣಕ್ಕೆ ಬಂದಿರುತ್ತದೆ, ಒಳಗಿರುವ ನೀರು ಬ್ರೇಕಿನ ಪಿಸ್ಟನ್ನುಗಳನ್ನು ತುಕ್ಕು ಹಿಡಿಸಿರುತ್ತದೆ. ನಾಲ್ಕೂ ಚಕ್ರ ಬಿಚ್ಚಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಹೊರಗೆ ತೆಗೆದು ಒರೆಸಿ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ. ಹಿಂದಿನ ಪಿನ್ನುಗಳು ಹಿಡಿದುಕೊಳ್ಳುವುದು ಈ ಕಾರಿನಲ್ಲಿ ಮಾಮೂಲು. ಪಿಸ್ಟನ್ ಅಲುಗದೇ ಇದ್ದರೆ ಗುದ್ದಾಡಬೇಡಿ, ರಿಪೇರಿ ಮಾಡಿದ ಕ್ಯಾಲಿಪರ್ ತಂದು ಹಾಕಿ. ರಬ್ಬರ್ ಹೋಸ್‌ಗಳನ್ನು ಮಡಚಿ ನೋಡಿ, ಬಿರುಕು ಕಂಡರೆ ಬದಲಿಸಿ. ನಾನು ಬಿರುಕು ಇಲ್ಲದಿದ್ದರೂ ನಾಲ್ಕನ್ನೂ ಬದಲಿಸಿದೆ, ಯಾಕೆಂದರೆ ಹಳೆ ಹೋಸ್ ಒಳಗೆ ಊದಿಕೊಂಡು ಬ್ರೇಕನ್ನು ಬಿಡದೆ ಹಿಡಿದಿಟ್ಟರೆ ಹೊರಗಿನಿಂದ ಗೊತ್ತೇ ಆಗಲ್ಲ. ಆಮೇಲೆ ಡಾಟ್ 4 ಆಯಿಲ್ ಹಾಕಿ, ಪ್ರತಿ ಚಕ್ರದಲ್ಲೂ ತಿಳಿಯಾದ ಆಯಿಲ್ ಗುಳ್ಳೆ ಇಲ್ಲದೆ ಬರುವ ತನಕ ಹಳೆಯದನ್ನು ಹೊರಗೆ ಹಾಕಿ. ಪೆಡಲ್ ತುಳಿಯುವುದಕ್ಕೆ ಒಬ್ಬರು ಬೇಕು. ನಮ್ಮ ಮನೆಯಲ್ಲಿ ಮಗಳು ತುಳಿದಳು, "ಒತ್ತು, ಬಿಡು" ಅಂತ ಒಂದು ಗಂಟೆ, ಅದಕ್ಕೆ ಐಸ್‌ಕ್ರೀಮ್ ಲಂಚ.

ಹ್ಯಾಂಡ್‌ಬ್ರೇಕ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಲಿವರ್ ಮೇಲಕ್ಕೆ ಎದ್ದು ನಿಂತರೂ ಕಾರು ಉರುಳುತ್ತದೆ, ಕೇಬಲ್ ಬಿಗಿ ಮಾಡಿದರೂ ಸರಿಹೋಗಲ್ಲ. ಸರಿಮಾಡುವ ಜಾಗ ಬೇರೆ. ಹಿಂದಿನ ಕ್ಯಾಲಿಪರಿನ ಬೆನ್ನಿಗೆ 14 ಮಿ.ಮೀ. ಸ್ಪ್ಯಾನರ್ ಹಿಡಿಯುವ ಒಂದು ಬೋಲ್ಟ್ ಇದೆ. ಅದು ಬರೀ ಮುಚ್ಚಳ. ಅದನ್ನು ಬಿಚ್ಚಿದರೆ ಒಳಗೆ 4 ಮಿ.ಮೀ. ಆಲನ್ ಕೀ ಕೂರುವ ಸ್ಕ್ರೂ ಸಿಗುತ್ತದೆ. ಬಲಕ್ಕೆ ತಿರುಗಿಸುತ್ತಾ ಹೋಗಿ, ಪ್ಯಾಡು ಡಿಸ್ಕಿಗೆ ಕಚ್ಚಿಕೊಂಡಾಗ ನಿಲ್ಲಿಸಿ, ಒಂದು ಸುತ್ತಿನ ಮೂರನೇ ಒಂದು ಭಾಗ ಹಿಂದಕ್ಕೆ ಬಿಡಿ. ಡಿಸ್ಕ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಇದನ್ನು ಮಾಡಿದ ಮೇಲೇ ಕೇಬಲ್ ಮುಟ್ಟಿ.

ಟೈರಿನಲ್ಲಿ ಗೆರೆ ಆಳ ಇದೆ ಅಂತ ಮೋಸ ಹೋಗಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ 2308 ಅಂತಿತ್ತು. ಅಂದರೆ 2008ರ ಇಪ್ಪತ್ತಮೂರನೇ ವಾರ. ಗೆರೆ 5 ಮಿ.ಮೀ. ಉಳಿದಿತ್ತು, ರಬ್ಬರ್ ಮಾತ್ರ ಕಲ್ಲು. ನಾಲ್ಕನ್ನೂ ಎಸೆದೆ.

ಈಗ ಎಂಜಿನ್, ಆದರೂ ಕೀಲಿ ಬೇಡ

ಬಾನೆಟ್ ಎತ್ತಿ, ಮೊದಲು ಏರ್ ಫಿಲ್ಟರ್ ಡಬ್ಬ ಬಿಚ್ಚಿ. ನನ್ನದರಲ್ಲಿ ಇಲಿ ಸಂಸಾರ ಹೂಡಿತ್ತು. ಸೀಟಿನ ಸ್ಪಂಜು, ಒಣಹುಲ್ಲು, ಅರ್ಧ ತಿಂದ ಅಕ್ರೋಡು. ಆ ದಿನವೇ ಸ್ಟಾರ್ಟ್ ಮಾಡಿದ್ದರೆ ಇಷ್ಟೂ ಎಂಜಿನ್ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು. ಇಲಿ ಇತ್ತು ಅಂದರೆ ವೈರುಗಳನ್ನೂ ಬೆರಳಲ್ಲಿ ಸವರಿ ನೋಡಿ.

ಆಮೇಲೆ ಅಪ್ಪ ಹೇಳಿದ ಹಾಗೆ ಸ್ಪಾರ್ಕ್ ಪ್ಲಗ್. ನಾಲ್ಕೂ ಬಿಚ್ಚಿ, ಪ್ರತಿ ತೂತಿಗೂ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಪಿಸ್ಟನ್ನಿನ ರಿಂಗುಗಳು ಸಿಲಿಂಡರ್ ಗೋಡೆಗೆ ಅಂಟಿರಬಹುದು. ಬೆಳಿಗ್ಗೆ ಗೇರ್ ನ್ಯೂಟ್ರಲ್‌ಗೆ ಹಾಕಿ, ಮುಂದಿನ ದೊಡ್ಡ ಪುಲ್ಲಿಯ ಬೋಲ್ಟಿಗೆ 21 ಮಿ.ಮೀ. ಸಾಕೆಟ್ ಹಾಕಿ, ಮುಂದಿನಿಂದ ನೋಡಿದಾಗ ಬಲಕ್ಕೆ, ನಿಧಾನವಾಗಿ ತಿರುಗಿಸಿ. ಮೊದಲು ಅಂಟಂಟಾಗಿ ಬಂತು, ಕಾಲು ಸುತ್ತು ಆದ ಮೇಲೆ ಹಗುರ ಆಯಿತು. ಎರಡು ಪೂರ್ತಿ ಸುತ್ತು ಎಲ್ಲೂ ತಡೆಯದೆ ಬಂದರೆ ಒಂದು ಕಪ್ ಟೀ ಕುಡಿಯಬಹುದು. ಗಟ್ಟಿಯಾಗಿ ನಿಂತುಬಿಟ್ಟರೆ ಪೈಪ್ ಸಿಕ್ಕಿಸಿ ಬಲ ಹಾಕಬೇಡಿ. ಇನ್ನಷ್ಟು ಆಯಿಲ್, ಇನ್ನೆರಡು ದಿನ.

ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟಿನ ಬಗ್ಗೆ ಒಂದು ಸಮಾಧಾನ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೂ ವಾಲ್ವು ಪಿಸ್ಟನ್ನಿಗೆ ಹೊಡೆಯುವುದಿಲ್ಲ. ಹಾಗಂತ ಬಿಡಬೇಡಿ. 60,000 ಮೈಲಿಗೆ ಬದಲಿಸಬೇಕಾದ್ದು, ವಯಸ್ಸಿಗೂ ಬದಲಿಸಬೇಕು. ನೀರಿನ ಪಂಪನ್ನು ಓಡಿಸುವುದು ಬೇರೆ ಬೆಲ್ಟು, ಆದರೂ ಪಂಪು ಬದಲಿಸಲು ಟೈಮಿಂಗ್ ಬೆಲ್ಟನ್ನೂ ಬಿಚ್ಚಬೇಕಾದ್ದರಿಂದ ಎರಡನ್ನೂ ಒಟ್ಟಿಗೆ ಮುಗಿಸಿ, ಅಷ್ಟೆಲ್ಲಾ ಎರಡು ಸಲ ಬಿಚ್ಚುವವರು ಯಾರು. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಕಪ್ಪಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಆಯಸ್ಸು ಮುಗಿದಿದೆ, ಬಿಸಿಯಾಗಿ ಒಂದು ದಿನ ಸೀಳುತ್ತದೆ.

ಹಳೇ ಪೆಟ್ರೋಲ್ ಪೂರ್ತಿ ತೆಗೆಯಲೇಬೇಕು. ಮೂಸಿ ನೋಡಿದರೆ ಪೆಟ್ರೋಲ್ ವಾಸನೆ ಇರಲ್ಲ, ವಾರ್ನಿಷ್ ವಾಸನೆ ಇರುತ್ತದೆ. ಮೊದಲು ಇಂಧನದ ಲೈನಿನ ಒತ್ತಡ ಇಳಿಸಿ. ಎಂಜಿನ್ ಹತ್ತಿರ ಪೆಟ್ರೋಲ್ ಬರುವ ಹೋಸ್ ಬಿಚ್ಚಿ, ಅದಕ್ಕೆ ಉದ್ದ ಹೋಸ್ ಸೇರಿಸಿ ಡಬ್ಬಕ್ಕೆ ಬಿಡಿ. ಬಾನೆಟ್ ಒಳಗಿರುವ ಡಯಾಗ್ನೋಸ್ಟಿಕ್ ಡಬ್ಬದ ಮುಚ್ಚಳ ತೆಗೆದರೆ ಎಫ್/ಪಿ ಮತ್ತು ಜಿಎನ್‌ಡಿ ಅಂತ ಎರಡು ಜಾಗ ಇವೆ, ಅವೆರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿ ಇಗ್ನಿಷನ್ ಆನ್ ಮಾಡಿದರೆ ಪಂಪು ತಾನೇ ಓಡಿ ಟ್ಯಾಂಕ್ ಖಾಲಿ ಮಾಡುತ್ತದೆ. (ಹೌದು, ಇದಕ್ಕೆ ಕೀಲಿ ಬೇಕು. ಹೆಂಡತಿ ಪಕ್ಕದಲ್ಲೇ ನಿಂತು, ಆನ್ ಮಾಡಿ, ವಾಪಸ್ ತೆಗೆದುಕೊಂಡು ಹೋದಳು.) ಬಯಲಲ್ಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ, ಹತ್ತಿರ ಯಾರೂ ಸಿಗರೇಟು ಸೇದಬಾರದು. ಹೊರತೆಗೆದದ್ದನ್ನು ಚರಂಡಿಗೆ ಸುರಿಯಬೇಡಿ, ಎಲ್ಲಿ ಕೊಡಬೇಕು ಅಂತ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿ. ಆಮೇಲೆ ಕಾರಿನ ಕೆಳಗಿರುವ ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ನೂರಕ್ಕೆ ಹತ್ತರ ತನಕ ಎಥನಾಲ್ ಬೆರೆತದ್ದು. ಹಳೇ ರಬ್ಬರಿಗೂ ಎಥನಾಲ್‌ಗೂ ಆಗಿಬರಲ್ಲ, ಅದಕ್ಕೇ ನಾನು ಇ5 ಸೂಪರ್ ಹಾಕುತ್ತೇನೆ.

ಬ್ಯಾಟರಿ ಈ ಕಾರಿನಲ್ಲಿ ಡಿಕ್ಕಿಯಲ್ಲಿದೆ. ಸಿಕ್ಕಿದ್ದು ತಂದು ಹಾಕಬೇಡಿ. ಅನಿಲ ಹೊರಗೆ ಹೋಗುವ ಕೊಳವೆ ಸಿಕ್ಕಿಸಲು ಬರುವಂಥದ್ದೇ ಬೇಕು, ಇಲ್ಲದಿದ್ದರೆ ಆಸಿಡ್ ಹೊಗೆಗೆ ಡಿಕ್ಕಿಯ ನೆಲ ತೂತಾಗುತ್ತದೆ.

ಕೀಲಿ

ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಕೂಲೆಂಟ್ ತುಂಬಿ. ಪ್ಲಗ್ ಇನ್ನೂ ಹೊರಗೇ ಇರಲಿ. ಎಂಜಿನ್ ಹಿಂಭಾಗದಲ್ಲಿರುವ ಕ್ಯಾಮ್ ಸೆನ್ಸರಿನ ಕನೆಕ್ಟರ್ ಎಳೆದುಬಿಡಿ. ಆಗ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ, ಬರೀ ತಿರುಗುತ್ತದೆ. ಈಗ ಕೀಲಿ ಕೇಳಿ ಪಡೆಯಿರಿ. ಹತ್ತು ಸೆಕೆಂಡು ತಿರುಗಿಸಿ, ಸ್ಟಾರ್ಟರ್ ಆರಲು ಬಿಡಿ, ಮತ್ತೆ ಹತ್ತು ಸೆಕೆಂಡು. ಕಣ್ಣು ಆಯಿಲ್ ಒತ್ತಡದ ಮೀಟರ್ ಮೇಲಿರಲಿ. ಶುರುವಿನ ವರ್ಷಗಳ ಕಾರಿನಲ್ಲಿ ಇದು ನಿಜವಾದ ಮೀಟರ್, ನಿಜ ಹೇಳುತ್ತದೆ. ನನ್ನದು ನಾಲ್ಕನೇ ಸಲಕ್ಕೆ ನಡುಗಿ ಮೇಲೆದ್ದಿತು. ಅಲ್ಲಿಗೆ ಬೇರಿಂಗಿಗೆಲ್ಲಾ ಆಯಿಲ್ ತಲುಪಿತು ಅಂತ ಅರ್ಥ. ಪ್ಲಗ್ ಹಾಕಿ, ಕನೆಕ್ಟರ್ ಸೇರಿಸಿ, ಸ್ಟಾರ್ಟ್ ಮಾಡಿ.

ಮೊದಲು ಹೊಗೆ ಬರುತ್ತದೆ, ಸಿಲಿಂಡರಿಗೆ ನೀವೇ ಬಿಟ್ಟ ಆಯಿಲ್ ಸುಡುವುದು. ಮೇಲಿಂದ ಟಕ್ ಟಕ್ ಟಕ್ ಅಂತ ಹೊಲಿಗೆ ಮೆಷಿನ್ ಸದ್ದು. ಗಾಬರಿ ಬೇಡ, ವಾಲ್ವಿನ ಮೇಲಿನ ಹೈಡ್ರಾಲಿಕ್ ಲಿಫ್ಟರ್‌ಗಳಲ್ಲಿ ಆಯಿಲ್ ಖಾಲಿಯಾಗಿರುತ್ತದೆ. ಹೊಸ ಆಯಿಲ್‌ನಲ್ಲಿ ಕೆಲವು ದಿನ ಓಡಿದ ಮೇಲೆ ಸಾಮಾನ್ಯವಾಗಿ ಅಡಗುತ್ತದೆ. ಎಂಜಿನ್ ಹಿಂದೆ ಆಯಿಲ್ ಸೋರಿದರೆ ಗೇರ್‌ಬಾಕ್ಸ್ ಇಳಿಸಬೇಕು ಅನ್ನುವವರ ಮಾತು ತಕ್ಷಣ ನಂಬಬೇಡಿ. ಅದೇ ಕ್ಯಾಮ್ ಸೆನ್ಸರಿನ ಕೆಳಗೆ ಒಂದು ರಬ್ಬರ್ ಉಂಗುರ ಇದೆ, ಅದು ಒಣಗಿ ಸೋರುವುದೇ ಜಾಸ್ತಿ. ಚಿಲ್ಲರೆ ಕಾಸಿನ ಕೆಲಸ.

ಎಂಜಿನ್ ಓಡಿತು, ಕ್ಲಚ್ ತುಳಿದರೆ ಗೇರ್ ಬೀಳಲ್ಲ ಅಂದರೆ ಎರಡು ಕಾರಣ. ಪೆಡಲ್ ನೆಲಕ್ಕೆ ಹೋಗಿ ಮಲಗಿದರೆ ಗೇರ್‌ಬಾಕ್ಸ್ ಪಕ್ಕದಲ್ಲಿ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಸೋರಿದೆ, ಈ ಕಾರಿನಲ್ಲಿ ಅದು ಮಾಮೂಲು ಕಾಯಿಲೆ, ಎರಡು ಬೋಲ್ಟಿನ ಕೆಲಸ. ಪೆಡಲ್ ಗಟ್ಟಿಯಾಗಿದ್ದೂ ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಪೆಡಲನ್ನು ಮರದ ತುಂಡಿನಿಂದ ಒತ್ತಿ ಹಿಡಿಸಿ ರಾತ್ರಿ ಬಿಡಿ. ನನ್ನದು ಬೆಳಿಗ್ಗೆ "ಟಪ್" ಅಂತ ತಾನೇ ಬಿಟ್ಟಿತು.

ಹೆಡ್‌ಲೈಟು ಒಂದು ಎದ್ದು ಇನ್ನೊಂದು ಮಲಗಿದ್ದರೆ, ಅದರ ಮೋಟಾರಿನ ಮೇಲೆ ರಬ್ಬರ್ ಟೋಪಿ ಇದೆ. ತೆಗೆದರೆ ಒಂದು ಗುಂಡಿ, ಕೈಯಲ್ಲೇ ತಿರುಗಿಸಿ ಎಬ್ಬಿಸಬಹುದು. ಎಂಒಟಿಗೆ ಅಷ್ಟು ಸಾಕಾಗಲ್ಲ, ಆದರೆ ಕತ್ತಲಲ್ಲಿ ಮನೆ ಸೇರುವುದಕ್ಕೆ ಸಾಕು.

ಪರೀಕ್ಷೆಗೆ

ಮುಂಚೆಯೇ ಕಾಯ್ದಿರಿಸಿದ ಎಂಒಟಿಗೆ ಹೋಗುವಾಗ ತೆರಿಗೆ, ಹಳೆ ಎಂಒಟಿ ಇಲ್ಲದಿದ್ದರೂ ರಸ್ತೆಯಲ್ಲಿ ಓಡಿಸಬಹುದು. ವಿಮೆ ಮಾತ್ರ ಇರಲೇಬೇಕು, ಕಾರು ಓಡಿಸಲು ಸುರಕ್ಷಿತವಾಗಿಯೂ ಇರಬೇಕು. ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬರೋಣ ಅನ್ನುವುದೆಲ್ಲಾ ಇಲ್ಲ. ಹತ್ತಿರದ ಕೇಂದ್ರ ನೋಡಿಕೊಳ್ಳಿ. ಹೊರಡುವ ಮುಂಚೆ ಮನೆ ಮುಂದೆಯೇ ಹಿಂದೆ ಮುಂದೆ ಮಾಡಿ ಹತ್ತು ಸಲ ಬ್ರೇಕ್ ಹಿಡಿದು ನೋಡಿ.

ನನ್ನದು ಮೊದಲ ಸಲ ಫೇಲ್. ಹಿಂದಿನ ಮಂಜಿನ ದೀಪ ಉರಿಯಲಿಲ್ಲ. ಸಿಲ್, ಬ್ರೇಕ್, ಹೊಗೆ ಎಲ್ಲಾ ಪಾಸು, ಒಂದು ಬಲ್ಬು ಫೇಲು. ಎರಡನೇ ಸಲ ಪಾಸಾಯಿತು.

500 ಮೈಲಿ ಆದ ಮೇಲೆ ಎಂಜಿನ್ ಆಯಿಲ್ ಮತ್ತೊಮ್ಮೆ ಬದಲಿಸಿ, ಒಳಗಿನ ಹಳೇ ಕೊಳೆ ಅಷ್ಟರಲ್ಲಿ ಕರಗಿ ಬಂದಿರುತ್ತದೆ. ಚಕ್ರದ ನಟ್ಟುಗಳನ್ನು 50 ಮೈಲಿಗೇ ಒಂದು ಸಲ ಬಿಗಿ ನೋಡಿ. ಮೊದಲ ತಿಂಗಳು ದೂರ ಹೋಗಬೇಡಿ, ಹೋದರೂ ಟೋ ಮಾಡುವವರ ನಂಬರ್ ಜೇಬಲ್ಲಿರಲಿ.

ಇನ್ನೊಂದು. ಹುಡ್ ಇಳಿಸುವ ಮುಂಚೆ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ಚಳಿಯಿದ್ದರೆ ಮುಟ್ಟಲೇಬೇಡಿ, ಪ್ಲಾಸ್ಟಿಕ್ ಗಾಜಿನ ಹಾಗೆ ಆಗಿರುತ್ತದೆ. ಎರಡು ತಿಂಗಳು ಕೀಲಿ ಮುಟ್ಟದೆ ತಾಳ್ಮೆಯಿಂದ ಇದ್ದವನು ನಾನು, ಎಂಒಟಿ ಪಾಸಾದ ಖುಷಿಗೆ ಕೇಂದ್ರದ ಮುಂದೆಯೇ, ನವೆಂಬರ್ ಬೆಳಿಗ್ಗೆ, ಜಿಪ್ ಮರೆತು ಹುಡ್ ಎಳೆದೆ. ಒಂದಡಿ ಉದ್ದ ಸೀಳಿತು. ಈಗ ಅದಕ್ಕೆ ಟೇಪು ಹಚ್ಚಿದ್ದೇನೆ, ಮಳೆ ಬಂದರೆ ಸೀಟಿನ ಹಿಂದೆ ಒಂದು ಟವೆಲ್ ಇಡುತ್ತೇನೆ.